ಬೇನೆಯೋ, ಸ್ವಭಾವವೋ, ಅಪರಾಧವೋ: ಲೈಂಗಿಕತೆಯ ಪದಗಳು ಏಕೆ ಬದಲಾಗುತ್ತಿವೆ

ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯನ್ನು 2018ರ ಜೂನ್‌ನಲ್ಲಿ ಹೊರತಂದಾಗ ಎರಡು ಸುದ್ದಿಗಳು ಬೆನ್ನುಬೆನ್ನಿಗೆ ಬಂದವು. ಹುಟ್ಟಿದಾಗ ಗುರುತಿಸಿದ ಲಿಂಗಕ್ಕೂ ವ್ಯಕ್ತಿ ಒಳಗೆ ಅನುಭವಿಸುವ ಲಿಂಗತ್ವಕ್ಕೂ ಹೊಂದಿಕೆಯಾಗದಿರುವುದು ಇನ್ನು ಮಾನಸಿಕ ಕಾಯಿಲೆಯಲ್ಲ ಎಂಬುದು ಒಂದು. ‘ಲೈಂಗಿಕ ಚಟ’ ಇನ್ನು ಮಾನಸಿಕ ಕಾಯಿಲೆ ಎಂಬುದು ಇನ್ನೊಂದು. ವಿಶ್ವ ಆರೋಗ್ಯ ಸಭೆ 2019ರ ಮೇ ತಿಂಗಳಲ್ಲಿ ಈ ಪರಿಷ್ಕರಣೆಯನ್ನು ಅಂಗೀಕರಿಸಿತು. 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಆದರೆ ದೇಶಗಳು ಹಳೆಯ ಪಟ್ಟಿಯಿಂದ ಹೊಸದಕ್ಕೆ ದಾಟುವ ಕೆಲಸ ನಿಧಾನವಾಗಿ, ಒಂದೊಂದು ಕಡೆ ಒಂದೊಂದು ವೇಗದಲ್ಲಿ ನಡೆಯುತ್ತಿರುವುದರಿಂದ ಅದೇ ಸುದ್ದಿಗಳು ಮತ್ತೆ ಮತ್ತೆ ಹೊಸ ಸುದ್ದಿಗಳಂತೆ ಓದುಗರ ಮುಂದೆ ಬರುತ್ತಿವೆ.

ಇದನ್ನು ಓದಿದವರಿಗೆ ಗೊಂದಲವಾಗುವುದು ಸಹಜ. ನಿನ್ನೆ ಕಾಯಿಲೆಯಾಗಿದ್ದದ್ದು ಇಂದು ಕಾಯಿಲೆಯಲ್ಲ, ನಿನ್ನೆ ಬರಿಯ ಕೆಟ್ಟ ಅಭ್ಯಾಸವಾಗಿದ್ದದ್ದು ಇಂದು ಕಾಯಿಲೆ ಎನ್ನುವುದಾದರೆ ಇದನ್ನು ನಿರ್ಧರಿಸುವವರು ಯಾರು, ಯಾವ ಆಧಾರದ ಮೇಲೆ? ಪುರಾವೆಯೇ, ಒತ್ತಡವೇ, ಕಾಲದ ಗಾಳಿಯೇ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಪದಗಳಿಗಿಂತ ಮೊದಲು ಗಮನಿಸಬೇಕಾದದ್ದು ಅಳತೆಗೋಲನ್ನು. ಒಂದು ಕಾಲದಲ್ಲಿ ವೈದ್ಯಶಾಸ್ತ್ರವು ‘ಇದು ಎಲ್ಲರಂತೆ ಇದೆಯೇ’ ಎಂದು ಕೇಳುತ್ತಿತ್ತು. ಈಗ ‘ಇದರಿಂದ ಯಾರಿಗೆ ನೋವಾಗುತ್ತಿದೆ, ಆ ನೋವು ಎಲ್ಲಿಂದ ಬರುತ್ತಿದೆ, ಎದುರಿನವರ ಒಪ್ಪಿಗೆ ಇದೆಯೇ’ ಎಂದು ಕೇಳಲು ಕಲಿಯುತ್ತಿದೆ. ಕಲಿಕೆ ಪೂರ್ತಿಯಾಗಿಲ್ಲ. ಗೊಂದಲದ ಬಹುಪಾಲು ಹುಟ್ಟುವುದು ಹಳೆಯ ಪ್ರಶ್ನೆಗೆ ಹುಟ್ಟಿದ ಪದಗಳನ್ನೇ ಹೊಸ ಪ್ರಶ್ನೆಗೂ ನಾವು ಬಳಸುತ್ತಿರುವುದರಿಂದ.

ಎರಡು ಪಟ್ಟಿಗಳು

ಜಗತ್ತಿನ ವೈದ್ಯರು ಮುಖ್ಯವಾಗಿ ಎರಡು ವರ್ಗೀಕರಣಗಳನ್ನು ನೆಚ್ಚಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ‘ಐಸಿಡಿ’, ಅಂದರೆ ಮೇಲೆ ಹೇಳಿದ ಅಂತರರಾಷ್ಟ್ರೀಯ ವರ್ಗೀಕರಣ, ದೇಹ ಮತ್ತು ಮನಸ್ಸಿನ ಎಲ್ಲ ಕಾಯಿಲೆಗಳನ್ನೂ ಒಳಗೊಳ್ಳುತ್ತದೆ. ಸರ್ಕಾರಗಳ ಆರೋಗ್ಯ ಅಂಕಿಅಂಶಗಳು ನಿಂತಿರುವುದು ಇದರ ಮೇಲೆ. ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸುವ ‘ಡಿಎಸ್‌ಎಂ’ ಮಾನಸಿಕ ಅಸ್ವಸ್ಥತೆಗಳಿಗೆ ಮಾತ್ರ ಸೀಮಿತವಾಗಿದ್ದರೂ ಸಂಶೋಧನೆಯ ಮೇಲೆ ಅದರ ಪ್ರಭಾವ ದೊಡ್ಡದು. ಎರಡೂ ಒಂದೇ ಮಾತು ಆಡುವುದಿಲ್ಲ. ಒಂದು ಸ್ಥಿತಿಗೆ ಒಂದರಲ್ಲಿ ಹೆಸರಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಆದ್ದರಿಂದ ‘ತಜ್ಞರು ಇದನ್ನು ಕಾಯಿಲೆ ಎಂದು ಘೋಷಿಸಿದ್ದಾರೆ’ ಎಂಬ ಸುದ್ದಿ ಕಂಡಾಗ, ಯಾವ ಪಟ್ಟಿಯಲ್ಲಿ, ಯಾವ ಅಧ್ಯಾಯದಲ್ಲಿ ಎಂದು ನೋಡದೆ ಅದರ ಅರ್ಥ ಪೂರ್ತಿಯಾಗುವುದಿಲ್ಲ.

ಪದಗಳು ಬಂದ ದಾರಿ

‘ಹೋಮೊಸೆಕ್ಷುಯಲ್’ ಎಂಬ ಪದವನ್ನು ಅಚ್ಚಿನಲ್ಲಿ ಮೊದಲು ಬಳಸಿದವರು ವೈದ್ಯರಲ್ಲ. ಹಂಗೇರಿಯ ಲೇಖಕ ಕಾರ್ಲ್ ಮಾರಿಯಾ ಕೆರ್ಟ್‌ಬೆನಿ 1869ರಲ್ಲಿ, ಪುರುಷರ ನಡುವಿನ ಸಂಬಂಧವನ್ನು ಶಿಕ್ಷಿಸುತ್ತಿದ್ದ ಪ್ರಷ್ಯಾದ ಕಾನೂನನ್ನು ವಿರೋಧಿಸಿ ಬರೆದ ಕಿರುಹೊತ್ತಗೆಗಳಲ್ಲಿ ಅದನ್ನು ಬಳಸಿದರು. ರಕ್ಷಣೆಗಾಗಿ ಹುಟ್ಟಿದ ಆ ಪದವನ್ನು ಮುಂದಿನ ಎರಡು ದಶಕಗಳೊಳಗೆ ವೈದ್ಯಶಾಸ್ತ್ರ ಎತ್ತಿಕೊಂಡು ರೋಗದ ಹೆಸರನ್ನಾಗಿ ಮಾಡಿತು. ಆಸ್ಟ್ರಿಯಾ-ಜರ್ಮನ್ ಮನೋವೈದ್ಯ ರಿಚರ್ಡ್ ಫಾನ್ ಕ್ರಾಫ್ಟ್-ಎಬಿಂಗ್ 1886ರಿಂದ ನ್ಯಾಯಾಲಯಗಳ ಉಪಯೋಗಕ್ಕೆಂದು ಪ್ರಕರಣಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಸಂತಾನೋತ್ಪತ್ತಿಗೆ ದಾರಿಯಾಗದ ಬಹುಪಾಲು ಲೈಂಗಿಕ ನಡವಳಿಕೆಗಳು ಅವರ ದೃಷ್ಟಿಯಲ್ಲಿ ಸಹಜ ಪ್ರವೃತ್ತಿಯ ದಾರಿತಪ್ಪುವಿಕೆಗಳಾಗಿದ್ದವು. ಇಂದು ನಾವು ಸಲೀಸಾಗಿ ಬಳಸುವ ಎಷ್ಟೋ ಪದಗಳು ಹೀಗೆ ನ್ಯಾಯಾಲಯ ಮತ್ತು ಆಸ್ಪತ್ರೆಗಳ ನಡುವಿನ ಹಾದಿಯಲ್ಲಿ ರೂಪುಗೊಂಡವು. ತಪ್ಪು ಮತ್ತು ಕಾಯಿಲೆ ಒಂದರೊಳಗೊಂದು ಬೆರೆತದ್ದು ಅಲ್ಲಿಯೇ.

ಕನ್ನಡದ ಪದಗಳಲ್ಲಿಯೂ ಈ ಬೆರಕೆ ಉಂಟು. ‘ಸಲಿಂಗಕಾಮ’ ಎಂದಾಗ ಕೊನೆಯಲ್ಲಿ ನಿಂತಿರುವ ‘ಕಾಮ’ ಇಡೀ ಒಲವನ್ನು ದೇಹಸಂಬಂಧವೊಂದಕ್ಕೇ ಇಳಿಸುತ್ತದೆ. ಹೆಣ್ಣು-ಗಂಡಿನ ಒಲವಿಗೆ ನಾವು ಪ್ರೀತಿ, ಪ್ರೇಮ, ದಾಂಪತ್ಯ ಎಂಬ ಪದಗಳನ್ನು ಕೊಟ್ಟಿದ್ದೇವೆ. ‘ವಿಕೃತಿ’ಯ ಕಥೆ ಇನ್ನೂ ಗಮನಾರ್ಹ. ಸಾಂಖ್ಯ ದರ್ಶನದಲ್ಲಿ ವಿಕೃತಿ ಎಂದರೆ ಮೂಲ ಪ್ರಕೃತಿಯಿಂದ ಹೊಮ್ಮಿದ ರೂಪಾಂತರ. ಅದರಲ್ಲಿ ನಿಂದೆಯ ಲೇಶವೂ ಇಲ್ಲ. ಆಡುಮಾತಿನಲ್ಲಿ ಮಾತ್ರ ಪ್ರಕೃತಿ ಸರಿಯಾದದ್ದು, ವಿಕೃತಿ ಕೆಟ್ಟದ್ದು ಎಂದಾಗಿದೆ. ವೈದ್ಯಕೀಯ ಪದವನ್ನು ‘ವಿಕೃತಿ’ ಎಂದು ಅನುವಾದಿಸಿದ ಕ್ಷಣವೇ ಮೂಲದಲ್ಲಿಲ್ಲದ ತೀರ್ಪೊಂದು ಅದರೊಳಗೆ ಸೇರಿಕೊಳ್ಳುತ್ತದೆ.

1973ರ ತಿರುವು

ಅಮೆರಿಕದ ಕೈಪಿಡಿಯಾದ ಡಿಎಸ್‌ಎಂನ 1952ರ ಮೊದಲ ಆವೃತ್ತಿಯಲ್ಲಿಯೇ ಸಲಿಂಗ ಒಲವು ಅಸ್ವಸ್ಥತೆಯಾಗಿ ದಾಖಲಾಗಿತ್ತು. ವೈದ್ಯರು ನೋಡುತ್ತಿದ್ದವರು ಚಿಕಿತ್ಸೆ ಬೇಡಿ ಬಂದವರನ್ನು ಅಥವಾ ಪೊಲೀಸರು ಕರೆತಂದವರನ್ನು ಮಾತ್ರ. ಹೀಗೆ ಸಂಕಟದಲ್ಲಿದ್ದವರನ್ನೇ ನೋಡಿ, ಒಲವೇ ಸಂಕಟದ ಮೂಲ ಎಂದು ತೀರ್ಮಾನಿಸಿದ್ದರು. ಈ ತರ್ಕದ ದೋಷವನ್ನು ಬಯಲಿಗೆ ತಂದದ್ದು ಮನೋವಿಜ್ಞಾನಿ ಎವೆಲಿನ್ ಹೂಕರ್ 1957ರಲ್ಲಿ ಪ್ರಕಟಿಸಿದ ಅಧ್ಯಯನ. ಚಿಕಿತ್ಸೆಯಲ್ಲಿರದ 30 ಸಲಿಂಗಿ ಪುರುಷರನ್ನೂ, ವಯಸ್ಸು, ಬುದ್ಧಿಮತ್ತೆ, ವಿದ್ಯಾಭ್ಯಾಸಗಳಲ್ಲಿ ಅವರಿಗೆ ಸಮನಾದ 30 ಭಿನ್ನಲಿಂಗಿ ಪುರುಷರನ್ನೂ ಪರೀಕ್ಷಿಸಿ, ಆ ಫಲಿತಾಂಶಗಳನ್ನು ಯಾರದೆಂದು ತಿಳಿಸದೆ ಪರಿಣತರ ಮುಂದಿಟ್ಟರು. ಯಾವುದು ಯಾರದೆಂದು ಪರಿಣತರು ಗುರುತಿಸಲಾರದೆ ಹೋದರು; ಎರಡು ಗುಂಪುಗಳ ಮಾನಸಿಕ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

1973ರ ಡಿಸೆಂಬರ್‌ನಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಆಡಳಿತ ಮಂಡಳಿ ಸಲಿಂಗ ಒಲವನ್ನು ಪಟ್ಟಿಯಿಂದ ಕೈಬಿಟ್ಟಿತು. ವಿರೋಧಿಸಿದ ಸದಸ್ಯರ ಒತ್ತಾಯದಿಂದ 1974ರಲ್ಲಿ ಸದಸ್ಯರ ಮತದಾನ ನಡೆದು, ಮತ ಹಾಕಿದವರಲ್ಲಿ ಸುಮಾರು ಶೇ 58ರಷ್ಟು ಮಂದಿ ಮಂಡಳಿಯ ನಿರ್ಧಾರವನ್ನು ಬೆಂಬಲಿಸಿದರು. ‘ಕಾಯಿಲೆಯನ್ನು ಮತ ಹಾಕಿ ತೆಗೆದರು’ ಎಂಬ ಟೀಕೆ ಇಂದಿಗೂ ಕೇಳಿಬರುತ್ತದೆ. ಆದರೆ ಕಾಲಕ್ರಮವನ್ನು ನೋಡಿದರೆ ಆ ಟೀಕೆ ನಿಲ್ಲುವುದಿಲ್ಲ: ಮತದಾನವು ಮಂಡಳಿಯ ನಿರ್ಧಾರವನ್ನು ರದ್ದುಪಡಿಸಲು ವಿರೋಧಿಗಳು ಕೇಳಿ ಪಡೆದದ್ದು. ಹೋರಾಟಗಾರರ ಒತ್ತಡ ಇದ್ದದ್ದು ನಿಜ, ಆ ಒತ್ತಡವಿಲ್ಲದಿದ್ದರೆ ಹೂಕರ್ ಅವರಂಥವರ ಪುರಾವೆ ಕಪಾಟಿನಲ್ಲೇ ಉಳಿಯುತ್ತಿತ್ತು ಎಂಬುದೂ ಅಷ್ಟೇ ನಿಜ. ಒತ್ತಡ ಪ್ರಶ್ನೆಯನ್ನು ಮೇಜಿನ ಮೇಲೆ ತಂದಿತು. ಉತ್ತರ ಕೊಟ್ಟದ್ದು ಪುರಾವೆ.

ಅಂದು ಬದಲಾವಣೆಯ ಕರಡನ್ನು ಸಿದ್ಧಪಡಿಸಿದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಒಂದು ಸೂತ್ರವನ್ನು ಮುಂದಿಟ್ಟಿದ್ದರು: ಒಂದು ಸ್ಥಿತಿ ಮಾನಸಿಕ ಅಸ್ವಸ್ಥತೆ ಎನಿಸಬೇಕಾದರೆ ಅದು ವ್ಯಕ್ತಿಗೆ ಸಂಕಟ ತರಬೇಕು ಅಥವಾ ಬದುಕು ನಡೆಸುವ ಶಕ್ತಿಯನ್ನು ಕುಂದಿಸಬೇಕು. ಈ ಸೂತ್ರ ಬಾಗಿಲೊಂದನ್ನು ಮುಚ್ಚಿ ಕಿಟಕಿಯೊಂದನ್ನು ತೆರೆದಿಟ್ಟಿತು. ತನ್ನ ಒಲವಿನಿಂದ ಸ್ವತಃ ಸಂಕಟಪಡುವವರಿಗೆಂದು 1980ರ ಆವೃತ್ತಿ ಪ್ರತ್ಯೇಕ ಹೆಸರೊಂದನ್ನು ಸೃಷ್ಟಿಸಿತು. ಜಗತ್ತೆಲ್ಲ ಹೀಗಳೆಯುವಾಗ ಯಾರು ತಾನೇ ಸಂಕಟಪಡುವುದಿಲ್ಲ ಎಂಬ ಆಕ್ಷೇಪ ಬಂದು 1987ರಲ್ಲಿ ಅದೂ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ಪರಿಷ್ಕರಣೆ 1990ರ ಮೇ 17ರಂದು ಅಂಗೀಕಾರಗೊಂಡಾಗ ಸಲಿಂಗ ಒಲವನ್ನು ಕೈಬಿಟ್ಟಿತಾದರೂ ಅದೇ ಬಗೆಯ ಕಿಟಕಿಯನ್ನು ಉಳಿಸಿಕೊಂಡಿತು. ಅದನ್ನು ಮುಚ್ಚಿದ್ದು ಹನ್ನೊಂದನೆಯ ಪರಿಷ್ಕರಣೆ. ಸ್ಪಿಟ್ಜರ್ ಅವರೇ 2003ರಲ್ಲಿ, ಒಲವನ್ನು ಚಿಕಿತ್ಸೆಯಿಂದ ಬದಲಿಸಬಹುದು ಎಂದು ಸೂಚಿಸುವ ಅಧ್ಯಯನವೊಂದನ್ನು ಪ್ರಕಟಿಸಿದರು. ಅದು ನಿಂತಿದ್ದದ್ದು ಭಾಗವಹಿಸಿದವರ ಸ್ವಂತ ಹೇಳಿಕೆಗಳ ಮೇಲೆ ಮಾತ್ರ. 2012ರಲ್ಲಿ ಅವರು ಅದರ ದೋಷವನ್ನು ಒಪ್ಪಿ ಸಲಿಂಗಿ ಸಮುದಾಯದ ಕ್ಷಮೆ ಕೇಳಿದರು.

ಲಿಂಗ, ಲಿಂಗತ್ವ, ಒಲವು

ಕನ್ನಡದಲ್ಲಿ ‘ಲಿಂಗ’ ಎಂಬ ಒಂದೇ ಪದ ದೇಹದ ಲಕ್ಷಣಕ್ಕೂ ವ್ಯಾಕರಣದ ವಿಭಾಗಕ್ಕೂ ಸಾಮಾಜಿಕ ಸ್ಥಾನಕ್ಕೂ ದುಡಿದಿದೆ. ಆದ್ದರಿಂದ ಬಿಡಿಸಿ ಹೇಳಬೇಕಾಗುತ್ತದೆ. ವರ್ಣತಂತು, ಹಾರ್ಮೋನು, ಅಂಗರಚನೆಗಳಿಂದ ಗುರುತಿಸುವುದು ಜೈವಿಕ ಲಿಂಗ. ಇವು ಮೂರೂ ಎಲ್ಲರಲ್ಲಿಯೂ ಒಂದೇ ದಿಕ್ಕಿಗೆ ಹೊಂದಿಕೊಂಡಿರುವುದಿಲ್ಲ, ಹಾಗೆ ಹುಟ್ಟಿದವರನ್ನು ಅಂತರಲಿಂಗಿಗಳು ಎನ್ನುತ್ತಾರೆ. ತಾನು ಹೆಣ್ಣೋ, ಗಂಡೋ, ಎರಡಕ್ಕೂ ಸೇರದವರೋ ಎಂಬ ಆಳವಾದ ಆತ್ಮಭಾವ ಲಿಂಗತ್ವದ ಗುರುತು. ಯಾರ ಕಡೆಗೆ ಮನಸ್ಸು ಮತ್ತು ದೇಹ ಸೆಳೆಯಲ್ಪಡುತ್ತವೆ ಎಂಬುದು ಲೈಂಗಿಕ ಒಲವು. ದೇಹದ ಲಿಂಗಕ್ಕೂ ಸಮಾಜದಲ್ಲಿ ನಿರ್ವಹಿಸುವ ಪಾತ್ರಕ್ಕೂ ಇರುವ ಅಂತರವನ್ನು ಸೂಚಿಸಲು ವ್ಯಾಕರಣದಲ್ಲಿದ್ದ ‘ಜೆಂಡರ್’ ಪದವನ್ನು ಮನೋವಿಜ್ಞಾನಿ ಜಾನ್ ಮನಿ 1955ರಲ್ಲಿ ಎರವಲು ತಂದರು. ಆಮೇಲೆ 1960ರ ದಶಕದಲ್ಲಿ ಮನೋವೈದ್ಯ ರಾಬರ್ಟ್ ಸ್ಟಾಲರ್ ಮೊದಲಾದವರು ಆತ್ಮಭಾವದ ಅರ್ಥದಲ್ಲಿ ಅದನ್ನು ಬಳಕೆಗೆ ತಂದರು.

ಈ ಮೂರೂ ಒಂದಕ್ಕೊಂದು ಗಂಟು ಹಾಕಿಕೊಂಡಿಲ್ಲ. ಹುಟ್ಟಿದಾಗ ಗಂಡೆಂದು ಗುರುತಿಸಲಾಗಿದ್ದ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ ಪುರುಷರತ್ತ ಒಲಿಯಬಹುದು, ಮಹಿಳೆಯರತ್ತ ಒಲಿಯಬಹುದು, ಯಾರತ್ತಲೂ ಒಲಿಯದಿರಬಹುದು. ಲಿಂಗತ್ವ ಅಲ್ಪಸಂಖ್ಯಾತರನ್ನೆಲ್ಲ ‘ಸಲಿಂಗಿಗಳು’ ಎಂದು ಕರೆಯುವ ಸುದ್ದಿವಾಕ್ಯಗಳು ತಾನು ಯಾರು ಎಂಬ ಪ್ರಶ್ನೆಗೆ ಯಾರು ಬೇಕು ಎಂಬುದರ ಉತ್ತರವನ್ನು ಕೊಡುತ್ತವೆ.

ಅಧ್ಯಾಯ ಬದಲಾದ ಅಸಂಗತತೆ

ಹುಟ್ಟಿದಾಗ ಗುರುತಿಸಿದ ಲಿಂಗಕ್ಕೂ ಅನುಭವಿಸುವ ಲಿಂಗತ್ವಕ್ಕೂ ಹೊಂದಿಕೆಯಾಗದಿರುವುದಕ್ಕೆ ಹಳೆಯ ಪಟ್ಟಿಗಳಲ್ಲಿ ‘ಲಿಂಗತ್ವ ಗುರುತಿನ ಅಸ್ವಸ್ಥತೆ’ ಎಂಬ ಅರ್ಥದ ಹೆಸರಿತ್ತು. ಅಂದರೆ ಗುರುತೇ ಕಾಯಿಲೆ. 2013ರಲ್ಲಿ ಡಿಎಸ್‌ಎಂನ ಐದನೆಯ ಆವೃತ್ತಿ ಅದನ್ನು ‘ಜೆಂಡರ್ ಡಿಸ್ಫೋರಿಯಾ’ ಎಂದು ಬದಲಿಸಿತು. ಇದನ್ನು ಲಿಂಗತ್ವ ಬೇಗುದಿ ಎನ್ನಬಹುದು: ಇಲ್ಲಿ ಚಿಕಿತ್ಸೆಗೆ ಅರ್ಹವಾದದ್ದು ಹೊಂದಿಕೆಯಾಗದಿರುವಿಕೆಯಿಂದ ಉಂಟಾಗುವ ಬೇಗುದಿ, ಗುರುತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಲಿಂಗತ್ವ ಅಸಂಗತತೆ’ ಎಂಬ ಹೆಸರಿಟ್ಟು ಅದನ್ನು ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಿಂದಲೇ ತೆಗೆದು, ಲೈಂಗಿಕ ಆರೋಗ್ಯಕ್ಕೆ ಸಂಬಂಧಿಸಿದ ಸ್ಥಿತಿಗಳ ಹೊಸ ಅಧ್ಯಾಯದಲ್ಲಿ ಇರಿಸಿತು. ಇಲ್ಲಿ ಬೇಗುದಿ ಕಡ್ಡಾಯವಲ್ಲ. ಹೆಣ್ಣುಮಗು ಗಂಡುಮಕ್ಕಳ ಆಟ ಆಡುವುದು, ಗಂಡಸು ಹೆಣ್ಣಿನ ಉಡುಪು ಇಷ್ಟಪಡುವುದು ಮುಂತಾದ ನಡೆಗಳಷ್ಟರಿಂದಲೇ ಈ ಹೆಸರನ್ನು ಹಚ್ಚುವಂತಿಲ್ಲ ಎಂದೂ ಅದು ಸ್ಪಷ್ಟಪಡಿಸಿದೆ.

ಈ ಸ್ಥಳಾಂತರಕ್ಕೆ ಬಲ ಕೊಟ್ಟ ಅಧ್ಯಯನಗಳಲ್ಲಿ ಒಂದು ಮೆಕ್ಸಿಕೊ ನಗರದಲ್ಲಿ 250 ಮಂದಿ ಲಿಂಗತ್ವ ಅಲ್ಪಸಂಖ್ಯಾತ ವಯಸ್ಕರ ಜೊತೆ ನಡೆದು 2016ರಲ್ಲಿ ಪ್ರಕಟವಾಯಿತು. ಅವರ ಸಂಕಟ ಮತ್ತು ದೈನಂದಿನ ತೊಂದರೆಗಳಿಗೆ ಕುಟುಂಬ ಮತ್ತು ಸಮಾಜದ ತಿರಸ್ಕಾರ, ಹಿಂಸೆಗಳ ಜೊತೆಗಿದ್ದ ನಂಟು, ಅಸಂಗತತೆಯ ಅನುಭವದ ಜೊತೆಗಿದ್ದ ನಂಟಿಗಿಂತ ಬಲವಾಗಿತ್ತು. ನೋವಿನ ಮೂಲ ಹೊರಗಿದ್ದರೆ ವ್ಯಕ್ತಿಯ ಮನಸ್ಸಿಗೆ ರೋಗದ ಹೆಸರು ಕೊಡುವುದು ತರ್ಕಕ್ಕೆ ನಿಲ್ಲುವುದಿಲ್ಲ. ಹೂಕರ್ ಎತ್ತಿದ್ದ ಪ್ರಶ್ನೆಯೇ ಅರವತ್ತು ವರ್ಷಗಳ ನಂತರ ಮತ್ತೆ ಎದ್ದು ನಿಂತಿತ್ತು.

ಹಾಗಿದ್ದರೆ ಪಟ್ಟಿಯಿಂದ ಪೂರ್ತಿ ಏಕೆ ತೆಗೆಯಲಿಲ್ಲ? ಭಿನ್ನಾಭಿಪ್ರಾಯ ಇರುವುದು ಇಲ್ಲಿಯೇ. ಯಾವ ಸಂಕೇತಸಂಖ್ಯೆಯೂ ಇಲ್ಲದಿದ್ದರೆ ಹಾರ್ಮೋನು ಚಿಕಿತ್ಸೆಗಾಗಲಿ ಶಸ್ತ್ರಚಿಕಿತ್ಸೆಗಾಗಲಿ ವಿಮೆಯವರೂ ಸರ್ಕಾರಿ ಆರೋಗ್ಯ ವ್ಯವಸ್ಥೆಯೂ ಹಣ ಕೊಡುವುದಿಲ್ಲ, ಆದ್ದರಿಂದ ಹೆಸರೊಂದು ಇರಲೇಬೇಕು ಎಂಬುದು ಒಂದು ವಾದ. ಗರ್ಭಧಾರಣೆ ಕಾಯಿಲೆಯಲ್ಲದಿದ್ದರೂ ಪಟ್ಟಿಯಲ್ಲಿದೆ, ಹಾಗೆಯೇ ಇದೂ ಇರಲಿ ಎನ್ನುತ್ತಾರೆ ಅವರು. ಹೆಸರು ಇರುವವರೆಗೆ ದ್ವಾರಪಾಲಕರೂ ಇರುತ್ತಾರೆ, ತಾನು ಯಾರೆಂದು ಹೇಳಲು ವೈದ್ಯರ ಸಹಿ ಬೇಕಾಗುತ್ತದೆ ಎಂಬುದು ಎದುರು ವಾದ. ವಯಸ್ಕರ ವಿಷಯದಲ್ಲಿ ಮೊದಲ ವಾದಕ್ಕೆ ಹೆಚ್ಚು ತೂಕವಿದೆ ಎನಿಸುತ್ತದೆ. ಚಿಕಿತ್ಸೆ ಬೇಕಾದವರಿಗೆ ಅದು ಸಿಗದೆ ಹೋದರೆ ಆಗುವ ಹಾನಿ ಇಂದೇ ಆಗುತ್ತದೆ. ಪ್ರೌಢಾವಸ್ಥೆಗೆ ಬಾರದ ಮಕ್ಕಳಿಗೆಂದು ಇರಿಸಿದ ಪ್ರತ್ಯೇಕ ಹೆಸರಿನ ಬಗ್ಗೆ ಮಾತ್ರ ಅನುಮಾನ ಉಳಿಯುತ್ತದೆ. ಆ ವಯಸ್ಸಿನಲ್ಲಿ ಹಾರ್ಮೋನು ಚಿಕಿತ್ಸೆಯ ಮಾತೇ ಬರುವುದಿಲ್ಲವಾದ್ದರಿಂದ, ಹಣ ಸಿಗಲೆಂದು ಹೆಸರು ಎಂಬ ತರ್ಕ ಅಲ್ಲಿ ಸಡಿಲವಾಗುತ್ತದೆ. ಆಪ್ತಸಲಹೆಗೂ ಸಂಶೋಧನೆಗೂ ಅದು ಬೇಕು ಎಂದು ಉಳಿಸಿಕೊಂಡಿದ್ದಾರೆ.

ಹದಿಹರೆಯದವರಿಗೆ ಪ್ರೌಢಾವಸ್ಥೆಯನ್ನು ತಡೆಹಿಡಿಯುವ ಔಷಧ ಕೊಡಬೇಕೇ ಎಂಬ ವಿವಾದವನ್ನು ಇದರೊಂದಿಗೆ ಬೆರೆಸಬಾರದು. ಇಂಗ್ಲೆಂಡಿನಲ್ಲಿ ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ ನೇತೃತ್ವದ ಪರಾಮರ್ಶೆ 2024ರ ಏಪ್ರಿಲ್‌ನಲ್ಲಿ ಆ ಔಷಧಗಳ ಬಗೆಗಿನ ಪುರಾವೆ ದುರ್ಬಲ ಎಂದಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಇಂಥ ಚಿಕಿತ್ಸೆಗೆ ತನ್ನ ಬೆಂಬಲವನ್ನು ಮುಂದುವರಿಸುತ್ತಲೇ ಪುರಾವೆಗಳ ಮರುಪರಿಶೀಲನೆಗೆ ಮುಂದಾಯಿತು. ಅದು ಚಿಕಿತ್ಸೆಯ ಫಲ ಮತ್ತು ಅಪಾಯಗಳ ಪ್ರಶ್ನೆ. ಔಷಧವೊಂದರ ಪುರಾವೆ ಸಾಲದೆ ಹೋದರೆ, ವ್ಯಕ್ತಿಯ ಗುರುತು ಮನೋರೋಗ ಎಂದು ಅದರಿಂದ ಸಾಬೀತಾಗುವುದಿಲ್ಲ.

ವಿಲಕ್ಷಣ ಆಸಕ್ತಿ ಮತ್ತು ಅಪರಾಧ

ಸಾಮಾನ್ಯಕ್ಕಿಂತ ಭಿನ್ನವಾದ ಲೈಂಗಿಕ ಆಸಕ್ತಿಗಳಿಗೆ ಶಾಸ್ತ್ರದಲ್ಲಿ ‘ಪ್ಯಾರಾಫಿಲಿಯಾ’ ಎಂಬ ಹೆಸರಿದೆ. 2013ರ ಡಿಎಸ್‌ಎಂ ಇಲ್ಲಿ ಒಂದು ಗೆರೆ ಎಳೆಯಿತು: ಪ್ಯಾರಾಫಿಲಿಯಾ ಎಂದರೆ ಆಸಕ್ತಿ ಮಾತ್ರ, ಅದರಿಂದ ವ್ಯಕ್ತಿಗೆ ಸಂಕಟ ಅಥವಾ ಬದುಕಿಗೆ ತೊಡಕು ಉಂಟಾದರೆ, ಇಲ್ಲವೇ ಇತರರಿಗೆ ಹಾನಿ ಅಥವಾ ಹಾನಿಯ ಅಪಾಯ ಒದಗಿದರೆ ಮಾತ್ರ ಅದು ಪ್ಯಾರಾಫಿಲಿಯಾ ಅಸ್ವಸ್ಥತೆ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆಯನ್ನೇ ಕೇಂದ್ರಕ್ಕೆ ತಂದಿತು. ಹೊಸ ಪಟ್ಟಿಯಲ್ಲಿ ಹೆಸರಿಸಿ ಉಳಿಸಿದ್ದು ಒಪ್ಪಿಗೆ ಕೊಡದವರು ಅಥವಾ ಕೊಡಲಾರದವರು ಬಲಿಯಾಗುವ ಸ್ಥಿತಿಗಳನ್ನು: ಕದ್ದು ಇಣುಕುವುದು, ಬೇಡದವರೆದುರು ಅಂಗಪ್ರದರ್ಶನ, ಸಂದಣಿಯಲ್ಲಿ ಮೈಗೆ ಮೈ ಉಜ್ಜುವುದು, ಬಲವಂತದ ಹಿಂಸಾಸುಖ, ಪ್ರೌಢಾವಸ್ಥೆಗೆ ಬಾರದ ಮಕ್ಕಳ ಮೇಲಿನ ಆಸಕ್ತಿ. ವಸ್ತುಗಳಿಂದ ಉದ್ರೇಕಗೊಳ್ಳುವುದು, ವಯಸ್ಕರಿಬ್ಬರು ಒಪ್ಪಿ ನಡೆಸುವ ನೋವು-ನಲಿವಿನ ಆಟ, ಭಿನ್ನಲಿಂಗದ ಉಡುಪು ತೊಟ್ಟು ಸುಖಿಸುವುದು ಇವೆಲ್ಲ ಪ್ರತ್ಯೇಕ ಕಾಯಿಲೆಗಳ ಸ್ಥಾನ ಕಳೆದುಕೊಂಡವು. ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳು ಇಂಥ ಹೆಸರುಗಳನ್ನು ತಮ್ಮ ಪಟ್ಟಿಗಳಿಂದ ಅದಕ್ಕೂ ಮೊದಲೇ ತೆಗೆದಿದ್ದವು.

ಈ ಬದಲಾವಣೆ ಸಡಿಲಿಕೆ ಎಂದು ಕೆಲವರು ಬೇಸರಪಡುತ್ತಾರೆ. ಒಪ್ಪಿಗೆಯನ್ನು ಗೆರೆಯಾಗಿ ಇಟ್ಟಾಗ ಅದರ ಒಂದು ಬದಿಯಲ್ಲಿ ಸಡಿಲಿಕೆಯಾದರೆ ಇನ್ನೊಂದು ಬದಿಯಲ್ಲಿ ಬಿಗಿಯೇ ಆಗುತ್ತದೆ ಎಂಬುದನ್ನು ಅವರು ಗಮನಿಸಬೇಕು. ‘ಎಲ್ಲರೂ ಮಾಡುವುದೇ’ ಎಂಬ ಸಮಜಾಯಿಷಿ ಸಂದಣಿಯಲ್ಲಿ ಕೈಯಾಡಿಸುವವನಿಗೆ ಇನ್ನು ದಕ್ಕುವುದಿಲ್ಲ, ಏಕೆಂದರೆ ಅಳತೆಗೋಲು ‘ಎಲ್ಲರಂತೆಯೇ’ ಎಂಬುದಲ್ಲ.

ಅತ್ಯಂತ ಹೆಚ್ಚು ತಪ್ಪಾಗುವುದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿಗಳಲ್ಲಿ. ‘ಪೀಡೋಫಿಲಿಕ್ ಅಸ್ವಸ್ಥತೆ’ ಎಂಬುದು ವೈದ್ಯಕೀಯ ಪದ: ಪ್ರೌಢಾವಸ್ಥೆಗೆ ಬಾರದ ಮಕ್ಕಳ ಕಡೆಗೆ ನಿರಂತರವಾದ, ತೀವ್ರವಾದ ಲೈಂಗಿಕ ಸೆಳೆತವಿದ್ದು, ವ್ಯಕ್ತಿ ಅದರಂತೆ ನಡೆದುಕೊಂಡಿರುವ ಅಥವಾ ಅದರಿಂದ ತೀವ್ರವಾಗಿ ಸಂಕಟಪಡುವ ಸ್ಥಿತಿ. ಮಗುವಿನ ಮೇಲೆ ನಡೆಸುವ ದೌರ್ಜನ್ಯ ಕೃತ್ಯ, ಅದು ಅಪರಾಧ. ಎರಡೂ ಒಬ್ಬನಲ್ಲಿಯೇ ಇರಬಹುದು, ಇಲ್ಲದಿರಲೂಬಹುದು. ದೌರ್ಜನ್ಯ ಎಸಗಿದವರಲ್ಲಿ ಗಣನೀಯ ಭಾಗ ಈ ಸೆಳೆತ ಇಲ್ಲದವರು. ಅವಕಾಶ, ಅಧಿಕಾರ, ಮಗುವಿನ ಅಸಹಾಯಕತೆಗಳನ್ನು ಬಳಸಿಕೊಂಡವರು. ಪ್ರತಿಯೊಬ್ಬ ಅಪರಾಧಿಗೂ ರೋಗದ ಹೆಸರು ಹಚ್ಚಿದರೆ ಎರಡು ಕೆಡುಕುಗಳಾಗುತ್ತವೆ. ಮಗುವಿಗೆ ಅಪಾಯ ಬರುವುದು ಎಲ್ಲೋ ಇರುವ ‘ವಿಕೃತ’ನಿಂದ ಮಾತ್ರ ಎಂಬ ನಂಬಿಕೆ ಬೇರೂರಿ, ಪರಿಚಯದವರ ಮತ್ತು ಬಂಧುಗಳ ಮೇಲೆ ಇರಬೇಕಾದ ಎಚ್ಚರ ಕಡಿಮೆಯಾಗುತ್ತದೆ; ಆದರೆ ಬಹುಪಾಲು ದೌರ್ಜನ್ಯ ನಡೆಯುವುದು ಮಗುವಿಗೆ ಗೊತ್ತಿರುವವರಿಂದಲೇ. ಇನ್ನೊಂದು ಕಡೆ, ಕೃತ್ಯ ಎಸಗುವ ಮೊದಲೇ ಸಹಾಯ ಬೇಡಿ ಬರಬಹುದಾದ ವ್ಯಕ್ತಿ ಬಾಯಿ ತೆರೆಯಲು ಹೆದರುತ್ತಾನೆ.

2013ರ ಡಿಎಸ್‌ಎಂನ ಮೊದಲ ಮುದ್ರಣದಲ್ಲಿ ಈ ಭಾಗದಲ್ಲಿ ‘ಲೈಂಗಿಕ ಒಲವು’ ಎಂಬ ಪದ ನುಸುಳಿತ್ತು. ಸಲಿಂಗ ಒಲವಿನ ಸಾಲಿನಲ್ಲಿ ಇದನ್ನೂ ನಿಲ್ಲಿಸುತ್ತಿದ್ದಾರೆ ಎಂಬ ಗದ್ದಲವೆದ್ದಿತು. ಅದು ತಪ್ಪು, ಇರಬೇಕಾದದ್ದು ‘ಲೈಂಗಿಕ ಆಸಕ್ತಿ’ ಎಂದು ಸಂಘ ಅದೇ ವರ್ಷ ತಿದ್ದಿತು. ಒಂದೇ ಪದದ ತಪ್ಪು ಎಷ್ಟು ದೂರ ಹೋಗಬಲ್ಲದು ಎಂದರೆ, ಆ ತಿದ್ದುಪಡಿ ಬಂದು ವರ್ಷಗಳು ಕಳೆದರೂ ಹಳೆಯ ಸಾಲೇ ಪುರಾವೆಯೆಂಬಂತೆ ಹರಿದಾಡುತ್ತಿದೆ.

ಚಟವೋ, ಗೀಳೋ

ಈಗ ಎರಡನೆಯ ಸುದ್ದಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ‘ಲೈಂಗಿಕ ಚಟ’ ಎಂದು ಎಲ್ಲಿಯೂ ಹೇಳಿಲ್ಲ. ಅದು ಬಳಸಿದ ಹೆಸರಿನ ಅರ್ಥ ‘ತಡೆಯಲಾಗದ ಲೈಂಗಿಕ ವರ್ತನೆಯ ಅಸ್ವಸ್ಥತೆ’. ಇರಿಸಿದ್ದು ಆವೇಗ ನಿಯಂತ್ರಣದ ಅಸ್ವಸ್ಥತೆಗಳ ಗುಂಪಿನಲ್ಲಿ. ಜೂಜು ಮತ್ತು ವಿಡಿಯೊ ಆಟಗಳ ಚಟಗಳಿಗೆ ಅದೇ ಪಟ್ಟಿಯಲ್ಲಿ ಬೇರೆಯೇ ಗುಂಪಿದೆ. ಅಲ್ಲಿಗೆ ಸೇರಿಸದೆ ಇಲ್ಲಿಗೆ ಸೇರಿಸಿದ್ದು ಉದ್ದೇಶಪೂರ್ವಕ.

ವಾದಗಳು ಮೂರು ಕಡೆಯಿಂದ ಬರುತ್ತವೆ. ಮದ್ಯದಂತೆಯೇ ಇಲ್ಲಿಯೂ ಸೆಳೆತ, ಹಿಡಿತ ತಪ್ಪುವುದು, ಹಾನಿಯಾದರೂ ಬಿಡಲಾಗದಿರುವುದು ಕಾಣುತ್ತದೆ, ಆದ್ದರಿಂದ ಇದು ಚಟವೇ ಎನ್ನುವವರಿದ್ದಾರೆ. ಅಮೆರಿಕದಲ್ಲಿ 1980ರ ದಶಕದಿಂದ ಈ ಮಾತು ಜನಪ್ರಿಯವಾಗಿ ಚಿಕಿತ್ಸಾ ಕೇಂದ್ರಗಳೂ ಹುಟ್ಟಿಕೊಂಡವು. ಮಿದುಳಿನಲ್ಲಿ ಮಾದಕವಸ್ತುಗಳ ಚಟದಲ್ಲಿ ಆಗುವಂಥ ಬದಲಾವಣೆಗಳು ಇಲ್ಲಿ ದೃಢಪಟ್ಟಿಲ್ಲ, ಹಿಡಿತ ತಪ್ಪುವುದಷ್ಟನ್ನು ಹೇಳಿದರೆ ಸಾಕು ಎಂಬುದು ಎರಡನೆಯ ನಿಲುವು. ವಿಶ್ವ ಆರೋಗ್ಯ ಸಂಸ್ಥೆ ಆಯ್ದುಕೊಂಡದ್ದು ಇದನ್ನು. ಹೆಸರೇ ಬೇಡ, ಹೆಸರಿಟ್ಟರೆ ಸಾಮಾನ್ಯ ಬಯಕೆಯೂ ರೋಗವಾಗುತ್ತದೆ ಎಂಬುದು ಮೂರನೆಯದು. ಡಿಎಸ್‌ಎಂ ತನ್ನ ಐದನೆಯ ಆವೃತ್ತಿಗೆ ಬಂದಿದ್ದ ‘ಅತಿಲೈಂಗಿಕತೆಯ ಅಸ್ವಸ್ಥತೆ’ಯ ಪ್ರಸ್ತಾವವನ್ನು ತಿರಸ್ಕರಿಸಿತ್ತು.

ಈ ಚರ್ಚೆಯ ತಿರುಳು ಇರುವುದು ನೈತಿಕ ಇರಿಸುಮುರಿಸಿನ ಪ್ರಶ್ನೆಯಲ್ಲಿ. ಮನೋವಿಜ್ಞಾನಿ ಜೋಶುವಾ ಗ್ರಬ್ಸ್ ಮತ್ತು ಸಹೋದ್ಯೋಗಿಗಳ ಸಂಶೋಧನೆಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಂಡುಬಂದಿದೆ: ತನಗೆ ಅಶ್ಲೀಲ ಚಿತ್ರಗಳ ಚಟವಿದೆ ಎಂದು ಒಬ್ಬರು ಭಾವಿಸುವುದು ಅವರು ಎಷ್ಟು ನೋಡುತ್ತಾರೆ ಎಂಬುದಕ್ಕಿಂತ, ಅದನ್ನು ಎಷ್ಟು ಪಾಪವೆಂದು ಭಾವಿಸುತ್ತಾರೆ ಎಂಬುದರ ಮೇಲೆ ಹೆಚ್ಚು ನಿಂತಿರುತ್ತದೆ. ಅಪರೂಪಕ್ಕೊಮ್ಮೆ ನೋಡಿದವರೂ ತಾನು ರೋಗಿ ಎಂದುಕೊಳ್ಳಬಹುದು. ಇದನ್ನು ಗಮನದಲ್ಲಿಟ್ಟೇ ಹೊಸ ವರ್ಗೀಕರಣವು ಎರಡು ಬೇಲಿಗಳನ್ನು ಹಾಕಿದೆ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿತ ತಪ್ಪಿ, ಆರೋಗ್ಯ, ಕೆಲಸ, ಸಂಬಂಧಗಳು ಕಡೆಗಣನೆಗೆ ಒಳಗಾಗುವಷ್ಟು ಅದೇ ಬದುಕಿನ ಕೇಂದ್ರವಾಗಿರಬೇಕು. ಕೇವಲ ನೈತಿಕ ತೀರ್ಪಿನಿಂದ ಅಥವಾ ಇತರರ ಅಸಮ್ಮತಿಯಿಂದ ಹುಟ್ಟಿದ ಸಂಕಟವನ್ನು ಆಧಾರವಾಗಿ ತೆಗೆದುಕೊಳ್ಳುವಂತಿಲ್ಲ. 1980ರಲ್ಲಿ ಸಲಿಂಗ ಒಲವಿನ ವಿಷಯದಲ್ಲಿ ತೆರೆದಿಟ್ಟಿದ್ದ ಕಿಟಕಿಯಿಂದ ಕಲಿತ ಪಾಠ ಇಲ್ಲಿ ಕೆಲಸ ಮಾಡಿದೆ.

ಪದದ ಆಯ್ಕೆ ಕನ್ನಡದಲ್ಲಿಯೂ ಫಲಿತಾಂಶವನ್ನು ಬದಲಿಸುತ್ತದೆ. ‘ಚಟ’ ಎಂದರೆ ಕೇಳುಗರ ಮನಸ್ಸಿಗೆ ಬರುವುದು ಪೂರ್ತಿ ಬಿಡಿಸುವುದು. ಮದ್ಯವನ್ನು ಬಿಡಬಹುದು, ಲೈಂಗಿಕತೆಯನ್ನು ಬದುಕಿನಿಂದ ಕಿತ್ತುಹಾಕುವುದು ಚಿಕಿತ್ಸೆಯ ಗುರಿಯಾಗಲಾರದು. ‘ಗೀಳು’ ಎನ್ನುವುದು ಹತ್ತಿರವಾದರೂ ಅದು ಈಗಾಗಲೇ ಮತ್ತೆ ಮತ್ತೆ ಕೈತೊಳೆಯುವಂಥ ಲಕ್ಷಣವಿರುವ ಬೇರೊಂದು ಕಾಯಿಲೆಗೆ (ಒಸಿಡಿ) ಮೀಸಲಾಗಿದೆ. ಅಲ್ಲಿ ಆತಂಕ ತಗ್ಗಿಸಲು ಮಾಡುವ ಕ್ರಿಯೆಯಲ್ಲಿ ಸುಖವಿರುವುದಿಲ್ಲ, ಇಲ್ಲಿ ಮೊದಮೊದಲು ಸುಖವಿರುತ್ತದೆ. ‘ಹಿಡಿತ ತಪ್ಪಿದ ಲೈಂಗಿಕ ವರ್ತನೆ’ ಎನ್ನುವುದು ಉದ್ದವಾದರೂ ಹೇಳಬೇಕಾದ್ದನ್ನು ಹೇಳುತ್ತದೆ. ನ್ಯಾಯಾಲಯದಲ್ಲಿ ಕಿರುಕುಳದ ಆರೋಪ ಎದುರಿಸುವವರು ‘ನನಗೆ ಚಟವಿದೆ’ ಎಂದು ಆಶ್ರಯ ಹುಡುಕಿದಾಗಲೂ ಈ ವಿವರ ಮುಖ್ಯ. ಹಿಡಿತ ತಪ್ಪುವುದು ತನ್ನ ವರ್ತನೆಯ ಮೇಲಿನ ಹಿಡಿತ. ಒಪ್ಪದವರನ್ನು ಮುಟ್ಟಿದ್ದಕ್ಕೆ ಅದು ವಿವರಣೆಯಾಗುವುದಿಲ್ಲ.

ಬಯಕೆ, ಉದ್ರೇಕ, ಒಪ್ಪಿಗೆ

ಬಯಕೆ ಮನಸ್ಸಿನ ಸೆಳೆತ. ಉದ್ರೇಕ ದೇಹದ ಪ್ರತಿಕ್ರಿಯೆ. ಒಪ್ಪಿಗೆ ವ್ಯಕ್ತಿಯ ನಿರ್ಧಾರ. ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1966ರಲ್ಲಿ ದೇಹದ ಪ್ರತಿಕ್ರಿಯೆಯನ್ನು ನಾಲ್ಕು ಹಂತಗಳಲ್ಲಿ ವಿವರಿಸಿದಾಗ ಬಯಕೆಗೆ ಅಲ್ಲಿ ಸ್ಥಾನವೇ ಇರಲಿಲ್ಲ; 1970ರ ದಶಕದಲ್ಲಿ ಮನೋವೈದ್ಯೆ ಹೆಲೆನ್ ಸಿಂಗರ್ ಕಪ್ಲಾನ್ ಅದನ್ನು ಸೇರಿಸಿದರು. ಬಯಕೆ ಮೊದಲು, ಉದ್ರೇಕ ಆಮೇಲೆ ಎಂಬ ಕ್ರಮವೂ ಎಲ್ಲರಿಗೂ ಅನ್ವಯಿಸುವುದಿಲ್ಲ, ಅನೇಕ ಮಹಿಳೆಯರಲ್ಲಿ ಆಪ್ತತೆ ಮತ್ತು ಉದ್ರೇಕದ ನಂತರ ಬಯಕೆ ಎಚ್ಚರಗೊಳ್ಳುತ್ತದೆ ಎಂದು ಕೆನಡಾದ ವೈದ್ಯೆ ರೋಸ್‌ಮೇರಿ ಬ್ಯಾಸನ್ 2000ದಲ್ಲಿ ವಾದಿಸಿದರು. ಈ ಚಿಂತನೆಯ ಪ್ರಭಾವದಿಂದ 2013ರ ಡಿಎಸ್‌ಎಂ ಮಹಿಳೆಯರ ಬಯಕೆ ಮತ್ತು ಉದ್ರೇಕದ ತೊಂದರೆಗಳನ್ನು ಒಂದೇ ಹೆಸರಿನಡಿ ತಂದಿತು. ಎರಡು ವರ್ಷಗಳ ನಂತರ, 2015ರ ಆಗಸ್ಟ್‌ನಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಋತುಬಂಧಕ್ಕೆ ಮುನ್ನಿನ ಮಹಿಳೆಯರ ‘ಬಯಕೆಯ ಕೊರತೆ’ಗೆ ಫ್ಲಿಬ್ಯಾನ್ಸೆರಿನ್ ಎಂಬ ಮಾತ್ರೆಯನ್ನು ಒಪ್ಪಿತು, ಅಷ್ಟರಲ್ಲಿ ಆ ಕಾಯಿಲೆಯ ಹೆಸರು ಅಲ್ಲಿನ ಮನೋವೈದ್ಯರ ಕೈಪಿಡಿಯಿಂದ ಹೋಗಿಬಿಟ್ಟಿತ್ತು. ಐಸಿಡಿ ಮಾತ್ರ ಬಯಕೆ ಮತ್ತು ಉದ್ರೇಕಗಳನ್ನು ಬೇರೆಬೇರೆಯಾಗಿಯೇ ಉಳಿಸಿಕೊಂಡಿದೆ.

ಬಯಕೆ ಇಲ್ಲದಿರುವುದೆಲ್ಲ ಕೊರತೆಯೂ ಅಲ್ಲ. ಯಾರ ಕಡೆಗೂ ಲೈಂಗಿಕ ಸೆಳೆತವಿಲ್ಲದಿರುವುದನ್ನು ತನ್ನ ಸ್ವಭಾವವೆಂದು ಗುರುತಿಸಿಕೊಳ್ಳುವ ನಿರ್ಲೈಂಗಿಕ ವ್ಯಕ್ತಿಗೆ ಬಯಕೆಯ ಅಸ್ವಸ್ಥತೆಯ ಹೆಸರನ್ನು ಹಚ್ಚಬಾರದು ಎಂದು ಡಿಎಸ್‌ಎಂನ ಅದೇ ಆವೃತ್ತಿ ಹೇಳಿದೆ. ಬಯಕೆ ಇಲ್ಲದಿರುವುದರಿಂದ ಅಥವಾ ಬತ್ತಿಹೋದದ್ದರಿಂದ ವ್ಯಕ್ತಿ ನೊಂದಿದ್ದರೆ ಮಾತ್ರ ವೈದ್ಯರ ಕೆಲಸ ಶುರುವಾಗುತ್ತದೆ. ಸಂಗಾತಿಗೆ ಹೆಚ್ಚು ಬೇಕು, ತನಗೆ ಕಡಿಮೆ ಬೇಕು ಎಂಬ ವ್ಯತ್ಯಾಸ ಇಬ್ಬರ ನಡುವಿನದು. ಅದಕ್ಕೆ ಒಬ್ಬರನ್ನು ಮಾತ್ರ ರೋಗಿ ಎನ್ನಲಾಗದು.

ಈ ಮೂರರ ನಡುವಿನ ಭೇದ ನ್ಯಾಯಾಲಯದಲ್ಲಿ ಜೀವನ್ಮರಣದ ವಿಷಯವಾಗುತ್ತದೆ. ಮನೋವಿಜ್ಞಾನಿ ಮೆರೆಡಿತ್ ಚಿವರ್ಸ್ ಮತ್ತು ಸಹೋದ್ಯೋಗಿಗಳು 2010ರಲ್ಲಿ 132 ಪ್ರಯೋಗಾಲಯ ಅಧ್ಯಯನಗಳನ್ನು ಒಟ್ಟುಗೂಡಿಸಿ, ಜನನಾಂಗದ ಪ್ರತಿಕ್ರಿಯೆಗೂ ವ್ಯಕ್ತಿ ತನಗನಿಸಿತು ಎಂದು ಹೇಳಿದ ಉದ್ರೇಕಕ್ಕೂ ಎಷ್ಟು ಹೊಂದಿಕೆಯಿದೆ ಎಂದು ಲೆಕ್ಕಹಾಕಿದರು. ಪೂರ್ತಿ ಹೊಂದಿಕೆಯನ್ನು 1 ಎಂದಿಟ್ಟುಕೊಂಡರೆ ಪುರುಷರಲ್ಲಿ ಅದು 0.66, ಮಹಿಳೆಯರಲ್ಲಿ 0.26. ಅಳೆಯುವ ವಿಧಾನಗಳ ವ್ಯತ್ಯಾಸವೂ ಇದರಲ್ಲಿ ಸೇರಿರಬಹುದು ಎಂಬ ಚರ್ಚೆ ಇದೆ. ಆದರೂ ದೇಹ ಪ್ರತಿಕ್ರಿಯಿಸಿತು ಎಂದಮಾತ್ರಕ್ಕೆ ಮನಸ್ಸಿಗೆ ಬೇಕಿತ್ತು ಎಂದಾಗುವುದಿಲ್ಲ ಎಂಬುದು ಇದರಿಂದ ನಿಶ್ಚಯವಾಗಿ ತಿಳಿಯುತ್ತದೆ. ದೌರ್ಜನ್ಯಕ್ಕೆ ಒಳಗಾದ ಹೆಣ್ಣಿನ ಅಥವಾ ಗಂಡಿನ ದೇಹ ಪ್ರತಿಕ್ರಿಯೆ ತೋರಿದ್ದನ್ನು ಸಮ್ಮತಿಯೆಂದು ವಾದಿಸುವವರಿಗೆ ವಿಜ್ಞಾನದ ಬೆಂಬಲವಿಲ್ಲ. ತನ್ನ ದೇಹವೇ ತನಗೆ ಮೋಸ ಮಾಡಿತು ಎಂದು ವರ್ಷಗಟ್ಟಲೆ ಬೇಯುವವರಿಗೆ ಈ ಒಂದು ವಿವರ ತಿಳಿದಿದ್ದರೆ ಎಷ್ಟೋ ಭಾರ ಇಳಿಯುತ್ತದೆ.

ಮುಂದೆ ಏನಾಗಬಹುದು

ವರ್ಗೀಕರಣ ಬದಲಾದರೂ ಹಳೆಯ ಹೆಸರುಗಳು ಒಂದೇ ದಿನದಲ್ಲಿ ಹೋಗುವುದಿಲ್ಲ. ಹತ್ತನೆಯ ಪರಿಷ್ಕರಣೆಯ ಸಂಕೇತಗಳನ್ನೇ ಬಳಸುವ ಆಸ್ಪತ್ರೆಯ ತಂತ್ರಾಂಶ, ವಿಮೆಯ ನಮೂನೆ, ಪಠ್ಯಪುಸ್ತಕಗಳು ಬದಲಾಗುವವರೆಗೆ ಲಿಂಗತ್ವ ಬದಲಿಸಿಕೊಳ್ಳಬಯಸುವ ವ್ಯಕ್ತಿಯ ಕಡತದಲ್ಲಿ ಮನೋರೋಗದ ಸಂಖ್ಯೆಯೇ ಬೀಳುತ್ತಿರುತ್ತದೆ. ಉದ್ಯೋಗ, ಮಗುವಿನ ಪಾಲನೆಯ ಹಕ್ಕು, ದತ್ತು ಸ್ವೀಕಾರದಂಥ ಸಂದರ್ಭಗಳಲ್ಲಿ ಆ ಸಂಖ್ಯೆಯನ್ನು ಎದುರಾಳಿಗಳು ಎತ್ತಿ ತೋರಿಸಬಹುದು. ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಿಂದ ಹೊರಬಂದದ್ದರಿಂದ ಕೆಲವು ವಿಮೆಗಳ ಮಾನಸಿಕ ಆರೋಗ್ಯದ ನಿಧಿಯಿಂದಲೂ ಹೊರಬಿದ್ದು, ಇನ್ನೊಂದು ನಿಧಿಗೆ ಇನ್ನೂ ಸೇರದೆ, ನಡುವೆ ಸಿಕ್ಕಿಕೊಳ್ಳುವವರೂ ಇರಬಹುದು. ತಡೆಯಲಾಗದ ಲೈಂಗಿಕ ವರ್ತನೆಯ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾದ ಅಪಾಯವಿದೆ: ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಬೇಲಿಗಳನ್ನು ಓದದೆ, ಹೆಸರನ್ನು ಮಾತ್ರ ಎತ್ತಿಕೊಂಡು, ಹಸ್ತಮೈಥುನದ ಬಗ್ಗೆ ಅಪರಾಧಿಭಾವ ಹೊತ್ತ ಹದಿಹರೆಯದವರಿಗೂ ‘ಚಟ ಬಿಡಿಸುವ’ ಚಿಕಿತ್ಸೆ ಮಾರುವವರು ಹೆಚ್ಚಬಹುದು. ಚಿಕಿತ್ಸೆಗೆ ಹೋದವರು ಕೇಳಬೇಕಾದ ಮೊದಲ ಪ್ರಶ್ನೆ, ತನ್ನ ವರ್ತನೆಯಿಂದ ಬದುಕಿನ ಯಾವ ಭಾಗ ನಿಂತುಹೋಗಿದೆ ಎಂಬುದು. ಯಾವುದೂ ನಿಂತಿಲ್ಲ, ನಾಚಿಕೆ ಮಾತ್ರ ಇದೆ ಎಂದಾದರೆ ಹೊಸ ವರ್ಗೀಕರಣದ ಪ್ರಕಾರ ಅಲ್ಲಿ ಆ ಕಾಯಿಲೆ ಇಲ್ಲ.